ಬೆಳಕು ತುಂಡಾದ ಜಾಗ

ಕೊಡೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಳಿ ಅಕೇಶಿಯಾ ತೋಪಿನ ಕಡೆಯಿಂದ ಬೀಸುತ್ತಿದೆ, ಜೂನ್ ತಿಂಗಳ ಮಳೆ ಅಡ್ಡಡ್ಡ ಹೊಡೆಯುತ್ತಿದೆ. ಸಾಗರ ಸೀಮೆಯ ಈ ರಸ್ತೆ ತಿರುವಿನಲ್ಲಿ ರಾತ್ರಿ ಒಂಬತ್ತೂವರೆಯ ಮೇಲೆ ಜನ ಓಡಾಡುವುದಿಲ್ಲ. ಇವತ್ತು ಮಾತ್ರ ಒಂದು ಓಮ್ನಿ ವ್ಯಾನು ಹಿಂಬಾಗಿಲು ಎತ್ತಿಕೊಂಡು ನಿಂತಿದೆ. ಅದಕ್ಕೆ ಕಟ್ಟಿದ ನೀಲಿ ಟಾರ್ಪಾಲಿನ ಇನ್ನೊಂದು ತುದಿ ಬೇಲಿಗೂಟಕ್ಕೆ. ಟಾರ್ಪಾಲಿನಡಿ ಇಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅರವತ್ತು ಮೀಟರ್ ಆಚೆ, ಪೈರಿಗೆ ಬಾಯಿ ಹಾಕಿ ಸಿಕ್ಕಿಬಿದ್ದ ಎಮ್ಮೆಯ ಹಾಗೆ ತಲೆ ತಗ್ಗಿಸಿ ನಿಂತಿರುವುದು ಹಳದಿ ಜೇಸಿಬಿ.

ಚರಂಡಿಯ ಅಂಚಿಗೆ ಬನ್ನಿ. ಹುಷಾರು, ಕೆಂಪು ಮಣ್ಣು ಬೆಣ್ಣೆಯಂತಾಗಿದೆ. ಟಾರ್ಚ್ ಬಿಟ್ಟು ನೋಡಿದರೆ, ಹೊಸದಾಗಿ ಬಿಡಿಸಿದ ಚರಂಡಿಯ ಮಗ್ಗುಲಲ್ಲಿ ಹರಿದ ಪೈಪೊಂದು ಬಾಯಿ ಬಿಟ್ಟುಕೊಂಡಿದೆ. ಅದರೊಳಗಿಂದ ಬೆರಳ ಗಾತ್ರದ ಕಪ್ಪು ಕೇಬಲ್ಲು ಹೊರಬಂದು, ಹಳದಿ ನೂಲನ್ನು ಕೆದರಿಕೊಂಡು ನೀರಲ್ಲಿ ನೇತಾಡುತ್ತಿದೆ. ಆ ನೂಲು ಅರಾಮಿಡ್, ಗುಂಡು ತಡೆಯುವ ಅಂಗಿಗೆ ಬಳಸುವ ಜಾತಿಯದು. ಜಗ್ಗಿದರೂ ಕೇಬಲ್ಲು ಹರಿಯಬಾರದೆಂದು ಹಾಕಿದ್ದು. ಜೇಸಿಬಿಯ ಹಲ್ಲಿನ ಮುಂದೆ ಅದೂ ಸೋತಿದೆ.

ಸಂಜೆ ನಾಲ್ಕರ ಸುಮಾರಿಗೆ ಈ ಕೇಬಲ್ಲು ತುಂಡಾದ ಗಳಿಗೆಯಲ್ಲಿ, ಇಲ್ಲಿಂದಾಚೆಗಿನ ಹಳ್ಳಿಗಳಲ್ಲಿ ಗೋಡೆಗೆ ಹೊಡೆದ ಇಂಟರ್ನೆಟ್ಟಿನ ಬಿಳಿ ಡಬ್ಬಿಗಳ ಕೆಂಪು ದೀಪ ಮಿಣುಕತೊಡಗಿತು. ಮೊಬೈಲ್ ಟವರ್ ಮೌನವಾಯಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವರು ಒತ್ತುತ್ತಲೇ ಉಳಿದರು. ಟವರು ಗಾಳಿಯಲ್ಲಿ ಮಾತಾಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದರ ಬುಡಕ್ಕೆ ಮಾತು ಬರುವುದು ಇದೇ ಮಣ್ಣಿನಡಿಯ ಗಾಜಿನ ಎಳೆಯಲ್ಲಿ.

"ಕಡದಿದ್ರ ಚಲೋ ಇತ್ರಿ, ಎಳದಾಡೇತಿ," ಅನ್ನುತ್ತಾರೆ ಟಾರ್ಪಾಲಿನಡಿ ಕೂತ, ಎಳೆ ಬೆಸೆಯುವ ಸ್ಪ್ಲೈಸರ್. ರಾಣೆಬೆನ್ನೂರ ಕಡೆಯವರು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾದರೆ ಕೆಲಸ ಸುಲಭ. ಬಕೆಟ್ಟು ಕೇಬಲ್ಲನ್ನು ಹಿಡಿದು ಎಳೆದರೆ ಹೊರಗಿನ ಕಪ್ಪು ಸಿಪ್ಪೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಗಾಜು ಮಾತ್ರ ಆಚೆ ಈಚೆ ಹತ್ತಾರು ಅಡಿ ದೂರದಲ್ಲೂ ಮುರಿದಿರುತ್ತದೆ. ಹಾಗಾಗಿ ಎರಡೂ ಕಡೆ ಕೆಟ್ಟ ಭಾಗ ಕತ್ತರಿಸಿ ಬಿಸಾಕಿ, ನಡುವೆ ಮೂವತ್ತು ಮೀಟರಿನ ಹೊಸ ತುಂಡು ಸೇರಿಸಬೇಕು. ಒಂದು ಜಾಯಿಂಟ್ ಸಾಲದು, ಎರಡು ಬೇಕು. ಒಳಗೆ 24 ಎಳೆ ಇರುವ 24 ಕೋರ್ ಕೇಬಲ್ಲು, ಅಂದರೆ 48 ಬೆಸುಗೆ.

ಇಷ್ಟು ದೂರದ ಕತ್ತಲಲ್ಲಿ ಈ ಜಾಗ ಸಿಕ್ಕಿದ್ದು ಹೇಗೆ ಎಂದು ಕೇಳಿ ನೋಡಿ. ಸಹಾಯಕ ಹುಡುಗ, ಇದೇ ಊರಿನ ಪಕ್ಕದವನು, ವ್ಯಾನಿನಿಂದ ಕಿತ್ತಳೆ ಬಣ್ಣದ ಪೆಟ್ಟಿಗೆ ಎತ್ತಿ ತೋರಿಸುತ್ತಾನೆ. "ಓಟಿಡಿಆರ್. ಇದೇ ನಮ್ಮ ನಾಡಿ ವೈದ್ಯ ಮಾರಾಯ್ರೆ." ಪಟ್ಟಣದ ತುದಿಯಲ್ಲಿ ಇದನ್ನು ಕೇಬಲ್ಲಿಗೆ ಚುಚ್ಚಿ ಬೆಳಕಿನ ಒಂದು ಚಿಕ್ಕ ಹೊಡೆತ ಕಳಿಸುತ್ತಾರೆ. ಗಾಜಿನುದ್ದಕ್ಕೂ ಆ ಬೆಳಕು ಒಂದಿಷ್ಟು ಚೆದುರಿ ಹಿಂದಕ್ಕೆ ಬರುತ್ತಿರುತ್ತದೆ. ಎಳೆ ಮುರಿದ ಕಡೆಯಿಂದಾಚೆ ಏನೂ ಬರುವುದಿಲ್ಲ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ನಾಲ್ಕು ಸಾವಿರ ಕಿಲೋಮೀಟರ್ ಓಡುತ್ತದೆ. ಇವತ್ತು ಕೊನೆಯ ಮರುದನಿ ಬಂದದ್ದು 112 ಮೈಕ್ರೋಸೆಕೆಂಡಿಗೆ. ಹೋಗಿಬಂದ ದಾರಿಯನ್ನು ಅರ್ಧ ಮಾಡಿದರೆ 11.4 ಕಿಲೋಮೀಟರ್.

ಆದರೆ ಆ ಪೆಟ್ಟಿಗೆಗೆ ಗಾಜಿನ ವಕ್ರೀಭವನಾಂಕ ಎಷ್ಟೆಂದು ಮೊದಲೇ ಹೇಳಿಕೊಟ್ಟಿರಬೇಕು. 1.468ರ ಆಸುಪಾಸಿನ ಅಂಕಿ ಅದು. ಕೊನೆಯ ಅಂಕಿ ಒಂದು ತಪ್ಪಿದರೂ ಇಲ್ಲಿ ಎಂಟು ಮೀಟರ್ ಆಚೆ ಗುಂಡಿ ತೋಡಿಕೊಂಡು ಕೂರಬೇಕು. ಮೇಲಾಗಿ ಚೇಂಬರ್‌ಗಳಲ್ಲಿ ಸುತ್ತಿಟ್ಟ ಲೂಪುಗಳಿಂದಾಗಿ ಕೇಬಲ್ಲು ಯಾವತ್ತೂ ರಸ್ತೆಗಿಂತ ಉದ್ದ. ಯಂತ್ರ 11.4 ಎಂದರೆ ಸ್ಪ್ಲೈಸರ್ ವ್ಯಾನಿನ ಮೀಟರಿನಲ್ಲಿ 10.9ಕ್ಕೇ ನಿಧಾನ ಮಾಡುತ್ತಾರೆ. ಆ ಅರ್ಧ ಕಿಲೋಮೀಟರಿನ ವ್ಯತ್ಯಾಸ ಯಾವ ನಕ್ಷೆಯಲ್ಲೂ ಇಲ್ಲ, ಅವರ ತಲೆಯಲ್ಲಿದೆ.

ಈಗ ಟಾರ್ಪಾಲಿನಡಿಗೆ ನುಗ್ಗಿ. ಮಂಡಿ ಮೇಲೆ ಕೂತು ಹತ್ತಿರದಿಂದ ನೋಡಿ. ಕಪ್ಪು ಸಿಪ್ಪೆ ಸುಲಿದಾಗಿದೆ. ಒಳಗೆ ನಡುವೆ ಒಂದು ಗಟ್ಟಿ ಕಡ್ಡಿ, ಅದರ ಸುತ್ತ ನಾಲ್ಕು ತೆಳು ಕೊಳವೆ. ಕೊಳವೆಯೊಳಗೆ ನೀರು ಹೊಗದ ಹಾಗೆ ತುಂಬಿದ ಜೆಲ್ಲಿ, ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತದೆ. ಜೆಲ್ಲಿ ಒರೆಸಿದರೆ ಆರು ಎಳೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ. ಕೊಳವೆಗಳಿಗೂ ಅದೇ ಕ್ರಮದ ಬಣ್ಣ. "ಹದಿಮೂರನೇದು ಯಾವ್ದು?" ಎಂದು ಸ್ಪ್ಲೈಸರ್ ಹುಡುಗನನ್ನು ಕೇಳುತ್ತಾರೆ. "ಹಸಿರು ಟ್ಯೂಬಿನ ನೀಲಿ ಅಣ್ಣಾ," ಎನ್ನುತ್ತಾನೆ ತಡವಿಲ್ಲದೆ. ಈ ಬಣ್ಣಗಳ ಸಾಲು ಅಮೆರಿಕದ ಟಿಐಎ-598 ಎಂಬ ಮಾನಕದಲ್ಲಿ ಬರೆದಿಟ್ಟದ್ದು, ನಮ್ಮಲ್ಲೂ ಅದೇ ರೂಢಿ. ಮಗ್ಗಿಯಂತೆ ಇದನ್ನು ಬಾಯಿಪಾಠ ಮಾಡದವನಿಗೆ ಈ ಟಾರ್ಪಾಲಿನಡಿ ಜಾಗವಿಲ್ಲ. ಒಂದು ಬಣ್ಣ ಅದಲುಬದಲಾದರೆ ಬ್ಯಾಂಕಿನ ಮಾತು ಟವರಿಗೆ ಹೋಗುತ್ತದೆ.

"ಮೊದಲು ಲೈವ್ ಇರೋ ಕೋರ್ ಹಿಡಿ," ಎನ್ನುತ್ತಾರೆ. ಮೊದಲನೇ ಟ್ಯೂಬಿನ ನೀಲಿ ಎಳೆ ಅವರ ಎಡಗೈಗೆ ಬರುತ್ತದೆ.

ಬಣ್ಣದ ಲೇಪನವೂ ಸೇರಿ ಅದರ ದಪ್ಪ ಕಾಲು ಮಿಲಿಮೀಟರ್, 250 ಮೈಕ್ರಾನ್. ಸ್ಟ್ರಿಪ್ಪರಿನಿಂದ ಒಮ್ಮೆ ಎಳೆದರೆ ಬಣ್ಣ ಪುಡಿಯಾಗಿ ಉದುರಿ, ಉಳಿದ ಬರೀ ಗಾಜು ಅದರ ಅರ್ಧ, 125 ಮೈಕ್ರಾನ್. ಟಾರ್ಚಿಗೆ ಅಡ್ಡ ಹಿಡಿದರೆ ಮಾತ್ರ ಒಂದು ಮಿಂಚಿನ ಗೆರೆ ಕಾಣುತ್ತದೆ. ಬೆಳಕು ಓಡುವ ನಡುತಿರುಳು ಇನ್ನೂ ಒಳಗೆ: ಸುಮಾರು ಒಂಬತ್ತೇ ಮೈಕ್ರಾನ್. ತಿರುಳಿನ ಗಾಜಿಗೆ ಚೂರು ಜರ್ಮೇನಿಯಂ ಬೆರೆಸಿರುವುದರಿಂದ ಅದರ ವಕ್ರೀಭವನಾಂಕ ಸುತ್ತಲಿನ ಗಾಜಿಗಿಂತ ಕೂದಲೆಳೆಯಷ್ಟು ಹೆಚ್ಚು. ಕೆರೆಯಲ್ಲಿ ಮುಳುಗು ಹಾಕಿ ಓರೆಯಾಗಿ ಮೇಲೆ ನೋಡಿದವರಿಗೆ ಗೊತ್ತು, ನೀರಿನ ಮೈ ಕನ್ನಡಿಯಾಗಿ ಕೆರೆಯ ತಳವನ್ನೇ ತೋರಿಸುತ್ತದೆ. ಬೆಳಕನ್ನು ತಿರುಳಿನೊಳಗೇ ಕಟ್ಟಿಹಾಕುವುದು ಅದೇ ಗುಣ.

ಐಪಿಎ ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಎಳೆಯನ್ನು ಒರೆಸುವಾಗ ಕಿವಿ ಕೊಡಿ. 'ಕಿರ್' ಎಂದು ಸಣ್ಣಗೆ ಕಿರುಗುಟ್ಟಿದರೆ ಚೊಕ್ಕಟವಾಯಿತೆಂದು ಲೆಕ್ಕ. ಮಳೆಯ ಸದ್ದಿನಲ್ಲಿ ನಮಗೆ ಕೇಳುವುದಿಲ್ಲ, ಅವರಿಗೆ ಕೇಳುತ್ತದೆ. ಮುಂದೆ ಕ್ಲೀವರ್. ಗಾಜನ್ನು ಇಲ್ಲಿ ಕತ್ತರಿಸುವುದಿಲ್ಲ. ಬ್ಲೇಡು ಒಂದು ಗೀರು ಹಾಕುತ್ತದೆ, ಆಮೇಲೆ ಎಳೆಯನ್ನು ಬಗ್ಗಿಸಿದರೆ ತಾನೇ ನೆಟ್ಟಗೆ ಮುರಿಯುತ್ತದೆ. ತುದಿ ಲಂಬಕ್ಕಿಂತ ಒಂದು ಡಿಗ್ರಿಯೂ ವಾಲಬಾರದು. ಮುರಿದ ಚೂರನ್ನು ಹುಡುಗ ಚಿಮಟದಲ್ಲಿ ಹಿಡಿದು ಹಳೇ ಮಾತ್ರೆ ಡಬ್ಬಿಗೆ ಹಾಕುತ್ತಾನೆ. "ಕೆಳಗೆ ಬಿದ್ರೆ ಕಣ್ಣಿಗೆ ಕಾಣಾಂಗಿಲ್ರಿ, ಕಾಲಿಗೆ ಹೊಕ್ಕಾಗ ಗೊತ್ತಾಗತೈತಿ," ಎನ್ನುತ್ತಾರೆ ಸ್ಪ್ಲೈಸರ್.

ಎರಡೂ ತುದಿ ಈಗ ಯಂತ್ರದೊಳಗೆ. ತಿಂಡಿಡಬ್ಬಿಯಷ್ಟು ದೊಡ್ಡ ಸ್ಪ್ಲೈಸಿಂಗ್ ಮಷೀನು ಮುಚ್ಚಳ ಮುಚ್ಚಿಕೊಂಡು ಪರದೆ ಬೆಳಗಿಸುತ್ತದೆ. ಪರದೆಯಲ್ಲಿ ಆ ಎಳೆಗಳು ತೊಲೆಗಳಷ್ಟು ದಪ್ಪ. ಎಡಗಡೆಯದು ಈ ಮಣ್ಣಿನಲ್ಲಿ ವರ್ಷಗಳಿಂದ ಮಲಗಿದ್ದ ಹಳೇ ಕೇಬಲ್ಲಿನದು. ಬಲಗಡೆಯದು ವ್ಯಾನಿನ ಡ್ರಮ್ಮಿನಿಂದ ಬಿಚ್ಚಿದ ಹೊಸದು, ಬೇರೆಯೇ ಕಾರ್ಖಾನೆಯದು. ಮೋಟಾರುಗಳು ಎರಡನ್ನೂ ಹತ್ತಿರ ತರುತ್ತವೆ, ಮೇಲೆ ಕೆಳಗೆ ಸರಿಸಿ ನೇರ ಮಾಡುತ್ತವೆ, ಒಂದು ಕ್ಷಣ ನಿಲ್ಲುತ್ತವೆ. ಆಮೇಲೆ 'ಚಟ್' ಎಂದು ವಿದ್ಯುತ್ ಕಿಡಿ. ಎರಡು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಗಾಜು ಕರಗಿ ಕೂಡಿಕೊಂಡಾಗ ಪರದೆಯ ಮೇಲೆ ಕೂಡುಗೆರೆಯೇ ಇಲ್ಲ. ಕೆಳಗೆ ಒಂದು ಅಂಕಿ: 0.02 ಡಿಬಿ.

ಈ ಅಂಕಿಯನ್ನು ರೂಪಾಯಿಗೆ ಇಳಿಸಿದರೆ, ಸಾವಿರ ರೂಪಾಯಿ ಬೆಳಕು ಈ ಬೆಸುಗೆ ದಾಟುವಾಗ ಐದು ರೂಪಾಯಿಗಿಂತ ಕಡಿಮೆ ಸೋರುತ್ತದೆ ಎಂದರ್ಥ. ಎಂದೂ ಒಬ್ಬರ ಮುಖ ಒಬ್ಬರು ನೋಡದ ಎರಡು ಕಾರ್ಖಾನೆಗಳ ಗಾಜು ಹೀಗೆ ಕೂಡಿದ್ದಕ್ಕೆ ಕಾರಣ ಜಿ.652. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1984ರಲ್ಲಿ ಮೊದಲು ಹೊರಡಿಸಿ, ಆಗಾಗ ತಿದ್ದುತ್ತ ಬಂದಿರುವ ಮಾನಕ ಅದು. ಗಾಜಿನ ದಪ್ಪ 125 ಮೈಕ್ರಾನ್ ಇರಬೇಕು, ಏರುಪೇರು 0.7ರೊಳಗೆ. ತಿರುಳು ನಟ್ಟನಡುವೆ ಇರಬೇಕು, ತಪ್ಪಿದರೆ 0.6 ಮೈಕ್ರಾನಿಗಿಂತ ಹೆಚ್ಚು ತಪ್ಪಬಾರದು. ಒಂಬತ್ತು ಮೈಕ್ರಾನಿನ ತಿರುಳು ಇನ್ನೊಂದು ಒಂಬತ್ತು ಮೈಕ್ರಾನಿನ ಎದುರು ನಿಲ್ಲಬೇಕಾದರೆ ಅಷ್ಟು ಬಿಗಿ ಬೇಕೇ ಬೇಕು.

ಮುಂದಿನದು ಕಿತ್ತಳೆ. ಅದರ ಮುಂದೆ ಹಸಿರು. ಒಂದೊಂದಕ್ಕೆ ಮೂರು ನಿಮಿಷ. ಬೆಸೆದ ಜಾಗಕ್ಕೆ ಸ್ಲೀವ್ ಸರಿಸಿ ಯಂತ್ರದ ಪುಟ್ಟ ಒಲೆಯಲ್ಲಿಟ್ಟರೆ ಅದು ಮುದುಡಿ ಹಿಡಿದುಕೊಳ್ಳುತ್ತದೆ. ಕೈ ನಡೆಯುತ್ತಿರುವಾಗ ನಾವು ಸ್ವಲ್ಪ ಹಿಂದಕ್ಕೆ ಹೋಗಿ ಬರಬಹುದು.

ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸೇರಿ, ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ದಾಟಿಸಿ ತೋರಿಸಿದ್ದರು. ಮಾತು ದಾಟಿಸುವುದು ಬೇರೆ ಸಂಗತಿ. ಆಗಿನ ಗಾಜಿನಲ್ಲಿ ಬೆಳಕು ಕೆಲವೇ ಮೀಟರಿಗೆ ಸತ್ತುಹೋಗುತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೊದಲ್ಲಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ದೋಷ ಗಾಜಿನದಲ್ಲ, ಅದರೊಳಗಿನ ಕಬ್ಬಿಣದಂಥ ಕಲ್ಮಶದ್ದು ಎಂದರು. ಕಿಲೋಮೀಟರಿಗೆ 20 ಡಿಬಿ ನಷ್ಟ, ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ಆಚೆ ಮುಟ್ಟಿದರೂ ಸಾಕು, ದೂರಸಂಪರ್ಕ ನಡೆದೀತು ಎಂದು ಲೆಕ್ಕ ಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮಾರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ 17 ಡಿಬಿಯ ಎಳೆ ತೆಗೆದೇ ಬಿಟ್ಟರು. 2009ರಲ್ಲಿ ಕಾವ್ ಅವರಿಗೆ ನೊಬೆಲ್ ಬಂತು. ಈಗ ಈ ಟಾರ್ಪಾಲಿನಡಿ ಇರುವ ಗಾಜಿನಲ್ಲಿ 1550 ನ್ಯಾನೊಮೀಟರಿನ ಬೆಳಕು ಕಿಲೋಮೀಟರಿಗೆ ಕಳೆದುಕೊಳ್ಳುವುದು 0.2 ಡಿಬಿ. ಹದಿನೈದು ಕಿಲೋಮೀಟರ್ ಓಡಿದ ಮೇಲೂ ಅರ್ಧ ಉಳಿದಿರುತ್ತದೆ.

ಹೊರಗೆ ಮಳೆ ಜೋರಾಗಿದೆ. ಗಾಜಿನ ಚರಿತ್ರೆಯಲ್ಲೂ ನೀರಿನ ಕಾಟವೇ ದೊಡ್ಡದು. ಎಳೆ ತಯಾರಾಗುವಾಗ ತೇವಾಂಶದ ಅಣು ಚೂರು ಸೇರಿಕೊಂಡರೂ ಅದು 1383 ನ್ಯಾನೊಮೀಟರಿನ ಸುತ್ತಲಿನ ಬೆಳಕನ್ನು ಕುಡಿದುಬಿಡುತ್ತದೆ. ಹಳೇ ಎಳೆಗಳ ನಷ್ಟದ ನಕ್ಷೆಯಲ್ಲಿ ಅಲ್ಲೊಂದು ಗುಡ್ಡವೇ ಏಳುತ್ತಿತ್ತು, ಆ ಬಣ್ಣದ ಬೆಳಕನ್ನು ಯಾರೂ ಬಳಸುವಂತಿರಲಿಲ್ಲ. ಗುಡ್ಡವನ್ನು ಸಮ ಮಾಡಿದ ಜಾತಿಯೇ ಜಿ.652.ಡಿ. ಹೊಸ ಡ್ರಮ್ಮಿನ ಮೇಲೆ ಅಚ್ಚಾಗಿರುವ ಕೊನೆಯ 'ಡಿ' ಅದೇ.

"ಅಣ್ಣಾ, ಇದು ಕೆಟ್ಟೋತು." ಹುಡುಗನ ದನಿಗೆ ತಿರುಗಿ. ಪರದೆಯಲ್ಲಿ ಬೆಸುಗೆಯ ನಡುವೆ ಸಾಸಿವೆಯಂಥ ಗುಳ್ಳೆ, ಕೆಳಗೆ 0.31. ಹಾಗೇ ಬಿಟ್ಟರೂ ಬೆಳಕು ದಾಟುತ್ತದೆ, ನೂರರಲ್ಲಿ ಏಳು ಪಾಲು ಸೋರುತ್ತದೆ ಅಷ್ಟೆ. ಆದರೆ ಗುಳ್ಳೆ ಇರುವ ಗಾಜು ಎಂದು ಕೈಕೊಡುವುದೋ ಹೇಳಲಾಗದು. ಸ್ಪ್ಲೈಸರ್ ಏನೂ ಅನ್ನದೆ ಅದನ್ನು ಕತ್ತರಿಸುತ್ತಾರೆ. ಟವೆಲಿನಲ್ಲಿ ಕೈ ಒರೆಸಿಕೊಂಡು, ಯಂತ್ರದ ಸಣ್ಣ ಕಾಲುವೆಯನ್ನು ಹತ್ತಿಯಲ್ಲಿ ಉಜ್ಜಿ, ಈ ತೇವದ ಗಾಳಿಗೆ ಹೊಂದುವಂತೆ ಕಿಡಿಯನ್ನು ಇನ್ನೊಮ್ಮೆ ಸರಿಮಾಡಿ, ಸ್ಟ್ರಿಪ್ಪರ್ ಎತ್ತಿಕೊಳ್ಳುತ್ತಾರೆ. ಮತ್ತೆ ಮೊದಲಿನಿಂದ. ಈ ಸಲ 0.03.

ಹನ್ನೆರಡು ದಾಟಿದೆ. ಜೇಸಿಬಿಯ ಚಾಲಕ ಯಾವಾಗಲೋ ಬಂದು ಟಾರ್ಪಾಲಿನ ಅಂಚಿನಲ್ಲಿ ನಿಂತಿದ್ದಾನೆ. ಕಂಬಳಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. "ಬೇರು ಅಂದ್ಕೊಂಡೆ ಸಾರ್. ಬೋರ್ಡೂ ಇಲ್ಲ, ಕಲ್ಲೂ ನೆಟ್ಟಿಲ್ಲ. ಎರಡಡಿಗೇ ಕೇಬಲ್ ಇರ್ತದೆ ಅಂತ ಯಾರಿಗೆ ಗೊತ್ತು?"

ಅವನ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ, ಯಾಕೆಂದರೆ ಅವನು ಹೇಳಿದ್ದು ನಿಜ. ಟೇಪು ಹಿಡಿದು ನೋಡಿ: ರಸ್ತೆಯಂಚಿನಿಂದ ಪೈಪಿನ ಬೆನ್ನಿಗೆ ಎರಡೇ ಅಡಿ. ನಮ್ಮ ದೇಶದಲ್ಲಿ ಇಂಥ ಕೇಬಲ್ಲಿಗೆ ಸಾಧಾರಣ ಮಣ್ಣಿನಲ್ಲಿ 165 ಸೆಂಟಿಮೀಟರ್ ಆಳದ ಕಾಲುವೆ ತೋಡಬೇಕೆಂದು ನಿಯಮವಿದೆ, ಹತ್ತಿರ ಹತ್ತಿರ ಐದೂವರೆ ಅಡಿ. ಕಲ್ಲು ಸಿಕ್ಕಿದ ಕಡೆ ಆಳ ಕಡಿಮೆ ಮಾಡಬಹುದು, ಆದರೆ ಮೇಲೆ ಕಾಂಕ್ರೀಟಿನಂಥ ರಕ್ಷಣೆ ಕೊಡಬೇಕು. ಇಲ್ಲಿ ಜಂಬಿಟ್ಟಿಗೆ ಅಡ್ಡ ಬಂದಿರಬಹುದು, ಗುತ್ತಿಗೆಯ ದಿನ ಮುಗಿಯುತ್ತಿದ್ದಿರಬಹುದು, ಅಳತೆ ಪುಸ್ತಕದಲ್ಲಿ ಬೇರೆಯೇ ಅಂಕಿ ಕೂತಿರಬಹುದು. ಕಾಂಕ್ರೀಟು ಮಾತ್ರ ಇಲ್ಲ. ಗಾಜಿನ ಮಾನಕ ಅರ್ಧ ಮೈಕ್ರಾನಿಗೆ ಲೆಕ್ಕ ಕೇಳಿದರೆ, ಮಣ್ಣಿನ ಮಾನಕ ಮೂರೂವರೆ ಅಡಿ ತಪ್ಪಿದ್ದರೂ ಕೇಳುವವರಿಲ್ಲ.

ಒಂದು ಗಂಟೆ ಹತ್ತು ನಿಮಿಷ. ಕೊನೆಯ ಬಿಳಿ ಎಳೆಯೂ ಕೂಡಿತು. ಬೆಸೆದ ಎಳೆಗಳನ್ನು ಸ್ಪ್ಲೈಸರ್ ಟ್ರೇಯೊಳಗೆ ಸುತ್ತಿಡುವುದನ್ನು ನೋಡಿ, ಹೂದಂಡೆ ಸುತ್ತುವ ಹಾಗೆ ಅಗಲವಾಗಿ, ಎಲ್ಲೂ ಮಡಿಕೆ ಬೀಳದಂತೆ. ಈ ಜಾತಿಯ ಎಳೆಯ ಸುತ್ತಿಗೆ ಮೂರು ಸೆಂಟಿಮೀಟರ್ ತ್ರಿಜ್ಯವಾದರೂ ಬೇಕು. ಅದಕ್ಕಿಂತ ಬಿಗಿಯಾದರೆ ಬೆಳಕು ತಿರುವಿನಲ್ಲಿ ಹೊರಗೆ ಚೆಲ್ಲುತ್ತದೆ. ಮನೆಯೊಳಗೆ ಬರುವ ತೆಳು ತಂತಿಗೆ ಜಿ.657 ಎಂಬ ಬೇರೆ ಮಾನಕವಿದೆ, ಅದರ ಎ2 ಬಗೆ ಏಳೂವರೆ ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತಾಳಿಕೊಳ್ಳುತ್ತದೆ. ಹಾಗೆಂದು ಬಾಗಿಲ ಸಂದಿಗೆ ಸಿಕ್ಕಿಸಿದರೆ ಅದೂ ಉಳಿಯುವುದಿಲ್ಲ.

ಸ್ಪ್ಲೈಸರ್ ಫೋನು ಕಿವಿಗಿಡುತ್ತಾರೆ. ಟವರಿಗೆ ಜೀವ ಬಂದಿರುವುದಕ್ಕೆ ಅದೇ ಸಾಕ್ಷಿ. "ಬಂತೇನ್ರಿ?"

ಆಚೆ ಪಟ್ಟಣದ ಉಪಕರಣದ ಕೋಣೆಯಲ್ಲಿ ಯಾರೋ ಪರದೆ ನೋಡಿ ಹೇಳುತ್ತಿದ್ದಾರೆ. ಡಬ್ಬಿಗಳು ಒಂದೊಂದಾಗಿ ಹಸಿರಾಗುತ್ತಿವೆ. ಒಂದೇ ಎಳೆ ಹಳ್ಳಿಯ ತನಕ ಬಂದು, ಅಲ್ಲಿ ಕರೆಂಟೇ ಬೇಡದ ಸ್ಪ್ಲಿಟರ್ ಎಂಬ ಗಾಜಿನ ಕವಲಿನಲ್ಲಿ 32 ಮನೆಗಳಿಗೆ ಹಂಚಿಕೆಯಾಗುತ್ತದೆ. ಇದು ಜಿಪಾನ್, ಒಕ್ಕೂಟದ ಜಿ.984 ಸಾಲಿನ ಮಾನಕ. ಹಳ್ಳಿಗೆ ಹೋಗುವ ಬೆಳಕು 1490 ನ್ಯಾನೊಮೀಟರಿನದು, ಬರುವುದು 1310ರದು. ಬಣ್ಣ ಬೇರೆಯಾದ್ದರಿಂದ ಒಂದೇ ಎಳೆಯಲ್ಲಿ ಎದುರುಬದುರು ಓಡಿದರೂ ಡಿಕ್ಕಿಯಿಲ್ಲ. ಕೆಳಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲಕ್ಕೆ 1.25. ಪಟ್ಟಣದಿಂದ ಬರುವ ಮಾತು ಎಲ್ಲ ಮನೆಗೂ ಒಟ್ಟಿಗೇ ಬರುತ್ತದೆ, ಬೀಗ ಹಾಕಿ ಕಳಿಸಿದ್ದರಿಂದ ಅವರವರದನ್ನು ಅವರವರೇ ಬಿಚ್ಚಿಕೊಳ್ಳುತ್ತಾರೆ. ಮರಳಿ ಮಾತಾಡುವಾಗ ಮಾತ್ರ ನಲ್ಲಿ ಮುಂದಿನ ಕೊಡಗಳ ಹಾಗೆ ಸರದಿ, ಒಬ್ಬರಾದ ಮೇಲೆ ಒಬ್ಬರು. ಆ ಸರದಿಯ ಲೆಕ್ಕ ಮೈಕ್ರೋಸೆಕೆಂಡುಗಳಲ್ಲಿ ನಡೆಯುವುದರಿಂದ ನಮಗೆ ಕಾದದ್ದೇ ತಿಳಿಯುವುದಿಲ್ಲ.

"ಕಡೇ ಮನಿ ಎಷ್ಟೈತ್ರಿ? ಮೈನಸ್ ಹತ್ತೊಂಬತ್ತಾ? ಸಾಕು ಸಾಕು."

ಲೆಕ್ಕ ನೀವೇ ಹಾಕಬಹುದು. ಪಟ್ಟಣದಿಂದ ಹೊರಟಾಗ 3 ಡಿಬಿಎಂ. ಸ್ಪ್ಲಿಟರಿನ ಹಂಚಿಕೆಯಲ್ಲಿ ಹೋದದ್ದು ಹದಿನೇಳೂವರೆ, ದಾರಿಯ ಗಾಜಿನಲ್ಲಿ ಮೂರು, ಕನೆಕ್ಟರು ಮತ್ತು ಬೆಸುಗೆಗಳಲ್ಲಿ ಒಂದೂವರೆ. ಉಳಿದದ್ದು ಮೈನಸ್ 19, ಅಂದರೆ ಒಂದು ಮಿಲಿವ್ಯಾಟಿನ ಎಂಬತ್ತರಲ್ಲೊಂದು ಪಾಲು. ಮೈನಸ್ 27ರ ತನಕ ಡಬ್ಬಿ ಓದಬಲ್ಲದು. ಇವತ್ತಿನ ಬೆಸುಗೆಗಳು ಈ ಲೆಕ್ಕದಲ್ಲಿ ಕಾಣುವಷ್ಟೂ ದೊಡ್ಡದಾಗಲಿಲ್ಲ ಎನ್ನುವುದೇ ಅವರ ಕಸುಬಿನ ಹೆಚ್ಚುಗಾರಿಕೆ.

ಜಾಯಿಂಟಿನ ಕಪ್ಪು ಡಬ್ಬಿ ಮುಚ್ಚಿ, ರಬ್ಬರ್ ಬಿಗಿಮಾಡಿ, ಹೊಸ ಕೇಬಲ್ಲನ್ನು ಸದ್ಯಕ್ಕೆ ಬೇಲಿಗುಂಟ ಮೇಲೆಯೇ ಎಳೆದಿದ್ದಾರೆ. ಬೆಳಗಾದ ಮೇಲೆ ಹೂಳಬೇಕು. ಹುಡುಗ ಟಾರ್ಪಾಲು ಕೊಡವುತ್ತಿದ್ದಾನೆ. ಚಾಲಕ ಇನ್ನೂ ಅಲ್ಲೇ ನಿಂತಿದ್ದಾನೆ.

"ಅಣ್ಣಾ, ಬೆಳಿಗ್ಗೆ ನಾನೇ ತೋಡಿ ಕೊಡ್ತೆ. ಎಷ್ಟು ಆಳ ಬೇಕು ಹೇಳಿ."

ಸ್ಪ್ಲೈಸರ್ ಒಂದು ಗಳಿಗೆ ಅವನ ಮುಖ ನೋಡಿ ನಗುತ್ತಾರೆ. ಈ ರಸ್ತೆಯಲ್ಲಿ ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರಲ್ಲಿ ಬಹುಶಃ ಇವನೇ ಮೊದಲಿಗ. "ಒಂದು ಅರವತ್ತೈದು," ಎನ್ನುತ್ತಾರೆ.

ನೀವೂ ಇನ್ನು ಹೊರಡಿ, ಮಳೆ ಕಡಿಮೆಯಾಗಿದೆ. ನಾಳೆ ನಿಮ್ಮ ಮನೆ ಮುಂದೆ ಚರಂಡಿಗೋ ನಲ್ಲಿ ಪೈಪಿಗೋ ಯಂತ್ರ ಬಂದರೆ, ಅಡಿಯಲ್ಲಿ ಏನಿದೆಯೆಂದು ವಿಚಾರಿಸಿದಿರಾ ಎಂದು ಒಂದು ಮಾತು ಕೇಳಿ. ಅಗೆಯುವವರು ಮುಂಚೆಯೇ ತಿಳಿಸಿ ಕೇಬಲ್ಲಿನವರನ್ನು ಕರೆಸಿಕೊಳ್ಳಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಅದನ್ನು ತೆರೆದು ನೋಡಲು ಐದು ನಿಮಿಷ ಸಾಕು. ಇಲ್ಲಿ 48 ಬೆಸುಗೆಗೆ ಮೂರೂವರೆ ಗಂಟೆ ಹಿಡಿಯಿತು.